ನನ್ನ ಹೆಸರಿನಲ್ಲಿ ಅತ್ತೆಯ ರಕ್ತ

ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ ಇದೆ ಎನ್ನುವುದು ಡಾಕ್ಟರಿಗೆ ತಿಳಿಯುವ ನಾಲ್ಕು ವರ್ಷ ಮೊದಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ‘ಅನುಮಾನವಿತ್ತು’ ಎಂದು ಮೊದಲು ಬರೆದಿದ್ದೆ — ಹೊಡೆದು ಹಾಕಿದೆ. ಅನುಮಾನವಲ್ಲ. ಗೊತ್ತಿತ್ತು. ಅಂಕಿ ಸಮೇತ ಗೊತ್ತಿತ್ತು.

ಅತ್ತೆ ಹೋಗಿ ಮೂರು ತಿಂಗಳಾಯಿತು. ನಾನು ಬರೆಯುವವಳಲ್ಲ. ಓದಿದ್ದು ಪಿಯುಸಿ, ಆಮೇಲೆ ಕೋಲಾರದಲ್ಲಿ ಲ್ಯಾಬ್ ಕೆಲಸದ ತರಬೇತಿ. ದಿನವಿಡೀ ನಾನು ಬರೆಯುವುದು ಹೆಸರು, ವಯಸ್ಸು, ಅಂಕಿ — ಮೂರೇ. ಈ ವಿಷಯ ಅಂಥ ಚೀಟಿಯಲ್ಲಿ ಹಿಡಿಸುವುದಿಲ್ಲ. ಇನ್ನೊಂದನ್ನೂ ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ನಗು ಬರುವ ಸಂಗತಿಗಳೇ ಹೆಚ್ಚು. ಅತ್ತೆ ಇದ್ದ ಕಡೆ ಹಾಗೇ ಆಗುತ್ತಿತ್ತು. ನಗು ಬಂದರೆ ನಕ್ಕುಬಿಡಿ. ನಾನೂ ಬರೆಯುತ್ತಾ ಎರಡು ಸಲ ನಕ್ಕೆ, ಆಮೇಲೆ ಎದ್ದು ಹೋಗಿ ನೀರು ಕುಡಿದು ಬಂದೆ.

ಕಾಯಿಲೆ ಮೊದಲು ಬಂದದ್ದು ನನಗೆ. ತೊಂಬತ್ತೇಳರಲ್ಲಿ, ಹನ್ನೊಂದನೇ ವಯಸ್ಸಿನಲ್ಲಿ. ಬೈರಕೂರಿನಲ್ಲಿ ಆಗ ಸಕ್ಕರೆ ಕಾಯಿಲೆ ಎಂದರೆ ಹೊಟ್ಟೆ ಬಂದ ಗಂಡಸರಿಗೆ, ಪೆನ್ಷನ್ ಜೊತೆಗೆ ಬರುವಂಥದ್ದು. ಲಂಗ ಹಾಕಿಕೊಂಡ ಹುಡುಗಿಗೆ ಬರುತ್ತದೆ ಎಂದರೆ ಯಾರೂ ನಂಬಲಿಲ್ಲ. ದಿನಕ್ಕೆ ಎರಡು ಸಲ ಇನ್ಸುಲಿನ್ ಸೂಜಿ, ಬದುಕಿರುವ ತನಕ. ಅಮ್ಮನಿಗೆ ರಕ್ತ ಕಂಡರೆ ತಲೆ ಸುತ್ತುತ್ತಿತ್ತು. ಆಸ್ಪತ್ರೆಯಲ್ಲಿ ನನಗೆ ಸೂಜಿ ಚುಚ್ಚಿ ತೋರಿಸಿದಾಗ ನಾನು ಸುಮ್ಮನೆ ಕೂತಿದ್ದೆ, ಅಮ್ಮ ನೆಲಕ್ಕೆ ಬಿದ್ದಳು. ನರ್ಸಮ್ಮ ನನ್ನನ್ನು ಬಿಟ್ಟು ಅವಳಿಗೆ ಗಾಳಿ ಹಾಕಬೇಕಾಯಿತು. ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರು, ಬೆಳಗ್ಗೆ ಐದಕ್ಕೆ ಮನೆ ಬಿಟ್ಟರೆ ಯಾವಾಗ ಬರುತ್ತಾರೋ. ಹೀಗಾಗಿ ನನ್ನ ಕಾಯಿಲೆ ಅತ್ತೆಯ ಕೈಗೆ ಬಂತು.

ಅತ್ತೆ ಎಂದರೆ ಅಪ್ಪನ ಅಕ್ಕ, ಮುನಿವೆಂಕಟಮ್ಮ. ಆಂಧ್ರದ ಗಡಿಯಾಚೆ ಮದುವೆ ಮಾಡಿಕೊಟ್ಟಿದ್ದರು. ಗಂಡ ಹೋದ ಮೇಲೆ ಒಂದು ಟ್ರಂಕು, ಅರ್ಧ ತೆಲುಗು ಹೊತ್ತುಕೊಂಡು ವಾಪಸು ಬಂದಳು. ಮಕ್ಕಳಿರಲಿಲ್ಲ. ನಮ್ಮ ಟೊಮೆಟೊ ತೋಟ ಅವಳದೇ ಉಸ್ತುವಾರಿ. ಶಾಲೆಗೆ ಹೋದವಳಲ್ಲ, ಆದರೆ ಅಂಕಿ ಓದುತ್ತಿದ್ದಳು — ತಕ್ಕಡಿ ಮುಂದೆ ನಿಂತು ಕಲಿತ ಅಂಕಿ. ಇನ್ಸುಲಿನ್ ಸೀಸೆಯನ್ನು ಒದ್ದೆ ಮರಳು ತುಂಬಿದ ಮಡಕೆಯಲ್ಲಿ ಇಟ್ಟು, ಆ ಮಡಕೆಗೆ ದಿನಾ ನೀರು ಚಿಮುಕಿಸುತ್ತಿದ್ದಳು. ಹೊಸದಾಗಿ ನಾಟಿ ಮಾಡಿದ ಸಸಿಗೆ ಮಾಡುವ ಹಾಗೆ.

ಆ ಕಾಲದಲ್ಲಿ ಸಕ್ಕರೆ ನೋಡುವುದಕ್ಕೆ ಇದ್ದ ವಿದ್ಯೆ ಎಂದರೆ ನೀಲಿ ದ್ರಾವಣ. ಗಾಜಿನ ನಳಿಕೆಯಲ್ಲಿ ಅದಕ್ಕೆ ಎಂಟು ಹನಿ ಮೂತ್ರ ಬಿಟ್ಟು ಕುದಿಸಬೇಕು. ನೀಲಿಯೇ ಉಳಿದರೆ ಒಳ್ಳೆಯದು. ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು — ಅಷ್ಟಷ್ಟೂ ಕೆಟ್ಟದ್ದು. ಅತ್ತೆ ಹಿತ್ತಲಲ್ಲಿ ಸೀಮೆಎಣ್ಣೆ ಸ್ಟೌ ಹಚ್ಚಿ ಇಕ್ಕಳದಲ್ಲಿ ನಳಿಕೆ ಹಿಡಿದು ಕುದಿಸುತ್ತಿದ್ದಳು. “ಇವತ್ತು ಗಿಳಿಹಸಿರು, ಪರವಾಗಿಲ್ಲ. ನೆನ್ನೆ ಮದುವೆ ಸೀರೆ ಬಣ್ಣ ಬಂದಿತ್ತು,” ಎನ್ನುತ್ತಿದ್ದಳು. ಬಣ್ಣ ಏನೇ ಬರಲಿ, ಡಾಕ್ಟರಿಗೆ ತೋರಿಸುವ ಪುಸ್ತಕದಲ್ಲಿ ನಾನು ‘ನೀಲಿ’ ಎಂದು ಬರೆಯುತ್ತಿದ್ದೆ. ಇದು ನನ್ನ ಮೊದಲ ಸುಳ್ಳು. ಆದರೆ ಇದನ್ನು ಒಪ್ಪಿಕೊಳ್ಳಲು ನಾನು ಕೂತಿಲ್ಲ.

ಎರಡು ಸಾವಿರದ ಎರಡರಲ್ಲಿ ಯಂತ್ರ ಬಂತು. ಆಗ ನನಗೆ ಹದಿನಾರು, ಮುಳಬಾಗಿಲಿನಲ್ಲಿ ಮೊದಲ ಪಿಯುಸಿ. ಕೋಲಾರದಲ್ಲಿ ನನ್ನನ್ನು ನೋಡುತ್ತಿದ್ದ ಡಾಕ್ಟರು ಯಾರೋ ದಾನಿಗಳನ್ನು ಹಿಡಿದು ಜಿಲ್ಲೆಯ ಹತ್ತು ಮಕ್ಕಳಿಗೆ ಹತ್ತು ಮೀಟರ್ ತರಿಸಿದ್ದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತವನ್ನು ಪಟ್ಟಿಗೆ ಮುಟ್ಟಿಸಿದರೆ ಅಂಕಿ ತೋರಿಸುತ್ತಿತ್ತು. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಡಾಕ್ಟರು ಅದನ್ನು ಒಂದು ವೈರಿನಿಂದ ತಮ್ಮ ಕಂಪ್ಯೂಟರಿಗೆ ಜೋಡಿಸಿ ತೋರಿಸಿದರು.

“ನೀವು ಪುಸ್ತಕದಲ್ಲಿ ಏನು ಬರೀತೀರಾ ಅನ್ನೋದು ಇನ್ನು ನನಗೆ ಬೇಡ. ಪ್ರತಿ ಪರೀಕ್ಷೆನೂ ದಿನ, ಟೈಮ್ ಸಮೇತ ಇದರೊಳಗೆ ಇರುತ್ತೆ. ತಿಂಗಳಿಗೊಂದು ಸಲ ಬನ್ನಿ, ಮೀಟರ್ ಕೊಡಿ. ಅದು ನನ್ನ ಹತ್ರ ಮಾತಾಡುತ್ತೆ.”

ಅಪ್ಪನಿಗೆ ಭಾರಿ ಸಂತೋಷವಾಯಿತು. “ಚೆಕಿಂಗ್ ಇನ್ಸ್‌ಪೆಕ್ಟರ್ ಬಸ್ಸೊಳಗೇ ಮನೆ ಮಾಡ್ಕೊಂಡ ಹಾಗಾಯ್ತು,” ಎಂದು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಪಿಯುಸಿ ಆದ ಮೇಲೆ ಕೋಲಾರದಲ್ಲಿ ಹಾಸ್ಟೆಲಿನಲ್ಲಿದ್ದು ಲ್ಯಾಬ್ ತರಬೇತಿ ಓದಬೇಕು ಎಂದು ನಾನು ಆಗಲೇ ಹಟ ಹಿಡಿದಿದ್ದೆ. ಸೂಜಿ ಚುಚ್ಚಿಕೊಳ್ಳುವ ಹುಡುಗಿಯನ್ನು ಯಾರ ಕೈಗೆ ಬಿಡುವುದು ಎಂದು ಅಪ್ಪ ಒಪ್ಪಿರಲಿಲ್ಲ. ಅವತ್ತು ಬಸ್ಸಿಳಿದು ಮನೆಗೆ ನಡೆಯುವಾಗ ಒಪ್ಪಿದರು. “ಆ ಕಂಪ್ಯೂಟರ್‌ನಲ್ಲಿ ಗೆರೆ ಬರುತ್ತಲ್ಲ, ಅದು ಪಿಯುಸಿ ಮುಗಿಯೋವರೆಗೂ ನೆಟ್ಟಗಿದ್ರೆ ಕಳಿಸ್ತೀನಿ. ಡೊಂಕಾಯ್ತೋ, ಅತ್ತೆ ಜೊತೆ ಟೊಮೆಟೊ ಕೀಳು.”

ಗೆರೆ ಮೊದಲ ತಿಂಗಳು ನೆಟ್ಟಗಿತ್ತು. ಎರಡನೇ ತಿಂಗಳು ಶ್ರೀನಿವಾಸಪುರದಿಂದ ಒಂದು ಬುಟ್ಟಿ ಮಾವಿನಹಣ್ಣು ಬಂತು.

ಎಷ್ಟು ತಿಂದೆ ಎಂದು ಬರೆಯುವುದಿಲ್ಲ, ಎಣಿಸಿರಲಿಲ್ಲ. ಬೆಳಗ್ಗೆ ಎದ್ದರೆ ನಾಲಿಗೆ ಒಣಗಿ ಚಪ್ಪಲಿಯಂತಾಗಿತ್ತು. ನಳಿಕೆಯ ಕಾಲವಾಗಿದ್ದರೆ ‘ನೀಲಿ’ ಎಂದು ಬರೆದು ಕಾಲೇಜಿಗೆ ಹೋಗಿರುತ್ತಿದ್ದೆ. ಮೀಟರು, ಬೆರಳು ಚುಚ್ಚುವ ಸೂಜಿ ಪೆನ್ನು ಮುಂದಿಟ್ಟುಕೊಂಡು ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದೆ. ಅತ್ತೆ ಕಾಫಿ ಲೋಟ ಹಿಡಿದು ಬಂದಳು.

“ಏನಮ್ಮಣ್ಣಿ, ಚುಚ್ಚೋ ಮೊದಲೇ ಅಳ್ತಾ ಇದೀಯಾ?”

“ಇದು ಮುನ್ನೂರೈವತ್ತು ತೋರಿಸುತ್ತೆ ಅತ್ತೆ. ಡಾಕ್ಟರ್‌ಗೆ ಗೊತ್ತಾಗುತ್ತೆ. ಅಪ್ಪ ನನ್ನ ಕಳಿಸಲ್ಲ.”

“ಚುಚ್ಚದೇ ಇದ್ರೆ?”

“ಚುಚ್ಚಿಲ್ಲ ಅನ್ನೋದೂ ಗೊತ್ತಾಗುತ್ತೆ.”

ಅತ್ತೆ ಕೂತಳು. ಮೀಟರನ್ನು ತಿರುಗಿಸಿ ನೋಡಿದಳು, ತೂಕಕ್ಕೆ ಬಂದ ಕಲ್ಲನ್ನು ನೋಡುವ ಹಾಗೆ. “ಇದಕ್ಕೆ ಕಣ್ಣಿದೆಯೇನೇ?”

“ಕಣ್ಣೆಲ್ಲಿ ಬಂತು.”

“ಮತ್ತೆ ಯಾರ ಬೆರಳು ಅಂತ ಅದಕ್ಕೇನು ಗೊತ್ತು? ನಂದು ಹಾಕು.”

ನಾನು ಕೇಳಿದ್ದಲ್ಲ, ಅವಳೇ ಕೊಟ್ಟದ್ದು — ಹಾಗೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜ. ಮೊದಲ ದಿನದ ಮಟ್ಟಿಗೆ ನಿಜ.

ಅತ್ತೆಯ ಬೆರಳಿಗೆ ಸೂಜಿ ಇಳಿಯಲಿಲ್ಲ. ಕಳೆ ಕಿತ್ತು, ಟೊಮೆಟೊ ಗಿಡದ ಕಪ್ಪು ಮೆತ್ತಿ ಗಟ್ಟಿಯಾದ ಬೆರಳು. ಪೆನ್ನಿನ ತಿರುಪನ್ನು ಕೊನೆಯವರೆಗೂ ತಿರುಗಿಸಿ ಮೂರು ಸಲ ಚುಚ್ಚಿದೆ. “ಗೋಣಿ ಹೊಲಿಯೋ ದಬ್ಬಣ ತಗೊಂಡು ಬಾ, ಇದೆಲ್ಲ ನಿನ್ನಂಥೋರಿಗೆ,” ಎಂದಳು. ಕಡೆಗೆ ಕಿರುಬೆರಳಿನ ಪಕ್ಕದಲ್ಲಿ ಒಂದು ಹನಿ ಬಂತು. ತೊಂಬತ್ತಾರು.

“ತೊಂಬತ್ತಾರು ಅಂದ್ರೆ?”

“ಫಸ್ಟ್ ಕ್ಲಾಸ್ ಅತ್ತೆ.”

“ನೂರಕ್ಕಾ?”

ನಾನು ಹೂಂ ಎಂದೆ. ಸ್ಲೇಟು ಹಿಡಿಯದ ಅತ್ತೆಯ ಮುಖದಲ್ಲಿ ಅವತ್ತು ಕಂಡದ್ದನ್ನು ನಾನು ಮರೆತಿಲ್ಲ. ಮಧ್ಯಾಹ್ನ ತೋಟದಲ್ಲಿ ಕೂಲಿ ಹೆಂಗಸರ ಮುಂದೆ, ಏನು ಎತ್ತ ಎಂದು ಹೇಳದೆ, “ನಂಗೆ ತೊಂಬತ್ತಾರು ಬಂತು” ಎಂದಿದ್ದಳಂತೆ. ಅವರು ವಯಸ್ಸಿರಬೇಕು ಎಂದುಕೊಂಡು, ಅಷ್ಟಾಗಿರುವ ಹಾಗೆ ಕಾಣುವುದಿಲ್ಲ ಎಂದರಂತೆ.

ಒಂದು ದಿನಕ್ಕೆ ಎಂದು ಶುರುವಾದದ್ದು ವಾರಕ್ಕೆ ಎರಡಾಯಿತು, ಆಮೇಲೆ ದಿನವಹಿ. ಬೆಳಗ್ಗೆ ಬರೀ ಹೊಟ್ಟೆಯಲ್ಲಿ ಒಂದು, ಊಟವಾಗಿ ಎರಡು ಗಂಟೆ ಕಳೆದ ಮೇಲೆ ಒಂದು. ಅತ್ತೆ ತೋಟದಿಂದ ಓಡಿ ಬಂದು, ಸೆರಗಿಗೆ ಕೈ ಒರೆಸಿ, ಬೆರಳು ಚಾಚುತ್ತಿದ್ದಳು. ಸೂಜಿ ಇಬ್ಬರಿಗೂ ಒಂದೇ. ಅದನ್ನು ದಿನಾ ಬದಲಾಯಿಸಬೇಕು ಎಂದು ಡಾಕ್ಟರು ಹೇಳಿದ್ದರು, ನಾವು ಮೊಂಡಾಗುವವರೆಗೆ ಬಳಸುತ್ತಿದ್ದೆವು. ನಾನು ಕಾಲೇಜಿನಿಂದ ಬರುವಾಗ ಬಸ್‌ಸ್ಟ್ಯಾಂಡ್ ಹತ್ತಿರ ಬೆಣ್ಣೆ ಹಾಕಿದ ದೋಸೆ ತಿಂದು ಬರುತ್ತಿದ್ದೆ. ದೋಸೆ ನನ್ನ ಹೊಟ್ಟೆಗೆ, ಪರೀಕ್ಷೆ ಅತ್ತೆಯ ಬೆರಳಿಗೆ.

ಗೆರೆ ನೂಲು ಹಿಡಿದು ಎಳೆದಂತೆ ಬಂತು. ಡಾಕ್ಟರು ಅದನ್ನು ಪ್ರಿಂಟ್ ತೆಗೆದು ಕೋಣೆಯ ಗೋಡೆಗೆ ಅಂಟಿಸಿದರು, ಕೆಳಗೆ ನನ್ನ ಹೆಸರು. ಮೀಟರ್ ಪಡೆದ ಹತ್ತೂ ಮಕ್ಕಳನ್ನು ಸೇರಿಸಿ ನನ್ನನ್ನು ಎದ್ದು ನಿಲ್ಲಿಸಿ, “ಹೇಗೆ ಸಾಧ್ಯ ಆಯ್ತು, ಎಲ್ಲರಿಗೂ ಹೇಳಮ್ಮ,” ಎಂದರು. “ಮನೆಯವರ ಸಹಾಯದಿಂದ ಸಾರ್,” ಎಂದೆ. ಹಿಂದಿನ ಬೆಂಚಿನಲ್ಲಿ ಅತ್ತೆಗೆ ಕೆಮ್ಮು ಬಂತು. ಎಷ್ಟು ಬಂತೆಂದರೆ ನರ್ಸು ನೀರು ತಂದು ಕೊಟ್ಟರು.

ಅವತ್ತು ಮಾಲೂರಿನಿಂದ ಬಂದಿದ್ದ ಒಬ್ಬ ಹುಡುಗಿ, ನನ್ನ ವಯಸ್ಸಿನವಳೇ, ನನ್ನ ಹತ್ತಿರ ಬಂದು ಕೂತಳು. ಅವಳ ಗೆರೆ ಬೆಟ್ಟ ಹಳ್ಳ ಬೆಟ್ಟ ಹಳ್ಳ. ಎಲ್ಲರ ಮುಂದೆ ಬೈಸಿಕೊಂಡಿದ್ದಳು. “ನಾನೂ ಅಷ್ಟೇ ಪಥ್ಯ ಮಾಡ್ತೀನಿ ಕಣೇ, ನಂಗ್ಯಾಕೆ ಹಿಂಗೆ?” ಎಂದು ಕೇಳಿದಳು. ನಾನು ಏನೋ ಉಪದೇಶ ಮಾಡಿದೆ — ರಾಗಿಮುದ್ದೆ, ನಡಿಗೆ, ಅಂಥದ್ದೇನೋ. ಅವಳ ಬೆಟ್ಟ ಹಳ್ಳವೇ ಸತ್ಯ ಎಂದು ಹೇಳಬಹುದಿತ್ತು. ಅವಳಿಗೂ ನಾನು ತಪ್ಪಿತಸ್ಥಳು. ಅವಳ ಹೆಸರೂ ಈಗ ನೆನಪಿಲ್ಲ.

ಒಂದೇ ಒಂದು ಸಲ ಸಿಕ್ಕಿಬೀಳುವ ಹಾಗಾಯಿತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆಯೊಂದಿದೆ. ಅದಕ್ಕೆ ನರ್ಸು ನನ್ನ ತೋಳಿನಿಂದಲೇ ರಕ್ತ ತೆಗೆದು ಹೊರಗಿನ ಲ್ಯಾಬಿಗೆ ಕಳಿಸಿದರು. ಹನ್ನೊಂದು ಬಂತು. ಏಳರೊಳಗಿದ್ದರೆ ಒಳ್ಳೆಯದು, ಹನ್ನೊಂದು ಎಂದರೆ ಮನೆಗೆ ಬೆಂಕಿ ಬಿದ್ದ ಹಾಗೆ. ಡಾಕ್ಟರು ಗೋಡೆಯ ಮೇಲಿನ ಗೆರೆ ನೋಡಿದರು, ಚೀಟಿ ನೋಡಿದರು. ಫೋನ್ ತೆಗೆದುಕೊಂಡು ನನ್ನೆದುರಿಗೇ ಆ ಲ್ಯಾಬಿನವನಿಗೆ ಬೈದರು — “ನಿಮ್ಮ ಮೆಷಿನ್ ಮೊದಲು ರಿಪೇರಿ ಮಾಡಿಸ್ರಿ.” ಆ ಕಡೆ ಒಬ್ಬ ಮನುಷ್ಯ ಸರಿಯಾಗಿ ಕೆಲಸ ಮಾಡಿ ಬೈಸಿಕೊಳ್ಳುತ್ತಿದ್ದ. ಈಗ ನಾನೇ ಆ ಕುರ್ಚಿಯಲ್ಲಿ ಕೂರುತ್ತೇನೆ. ಯಾರಾದರೂ ಡಾಕ್ಟರು ಫೋನಿನಲ್ಲಿ ಗದರಿಸಿದರೆ ಎದುರು ಮಾತಾಡುವುದಿಲ್ಲ.

ಇಲ್ಲಿಯವರೆಗಿನದ್ದು ಹುಡುಗಾಟ ಎಂದುಕೊಳ್ಳಿ. ನನ್ನ ದೇಹಕ್ಕೆ ನಾನು ಮಾಡಿಕೊಂಡದ್ದು. ಮುಂದಿನದು ಹಾಗಲ್ಲ.

ಎರಡು ಸಾವಿರದ ಮೂರರ ಸಂಕ್ರಾಂತಿಯ ಹೊತ್ತಿಗೆ ಅತ್ತೆಯ ಮಾರ್ಕು ಬದಲಾಗತೊಡಗಿತು. ಊಟವಾದ ಮೇಲೆ ನೂರ ಅರವತ್ತು. ಆಮೇಲೆ ನೂರ ತೊಂಬತ್ತು. ನಾನು ಅವಳನ್ನೇ ಗದರಿಸಿದೆ. “ಏನು ತಿಂದೆ ಅತ್ತೆ?”

“ಎರಡು ಒಬ್ಬಟ್ಟು.”

“ಪರೀಕ್ಷೆ ಇರೋ ದಿನ ಒಬ್ಬಟ್ಟು ತಿಂತಾರಾ?”

“ತಪ್ಪಾಯ್ತಮ್ಮಣ್ಣಿ. ನಾಳೆ ಸರಿಯಾಗಿ ಬರೀತೀನಿ ಬಿಡು,” ಎಂದಳು. ನಿಜವಾಗಿಯೂ ‘ಬರೀತೀನಿ’ ಎಂದೇ ಅಂದಳು. ಮರುದಿನದಿಂದ ಕಾಫಿಗೆ ಹಾಕುತ್ತಿದ್ದ ಮೂರು ಚಮಚ ಸಕ್ಕರೆಯನ್ನು ಎರಡು ಮಾಡಿಕೊಂಡಳು — ನನ್ನ ಗೆರೆ ನೆಟ್ಟಗಿರಲಿ ಎಂದು.

ಆದರೂ ಇಳಿಯಲಿಲ್ಲ. ಬರೀ ಹೊಟ್ಟೆಯಲ್ಲಿ ನೂರ ಮೂವತ್ತೊಂದು. ನೂರ ಮೂವತ್ತೆಂಟು. ತಿಂಗಳ ಕೊನೆಗೆ ಡಾಕ್ಟರು ಕಂಪ್ಯೂಟರ್ ನೋಡಿ, “ಸ್ವಲ್ಪ ಏರ್ತಾ ಇದೆಯಲ್ಲಮ್ಮ,” ಎಂದು ನನ್ನ ಇನ್ಸುಲಿನ್ ನಾಲ್ಕು ಯೂನಿಟ್ ಹೆಚ್ಚು ಮಾಡಿದರು. ಅಂದರೆ ಅತ್ತೆಯ ಸಕ್ಕರೆಗೆ ನಾನು ಔಷಧಿ ತೆಗೆದುಕೊಂಡೆ. ತಮಾಷೆ ಏನೆಂದರೆ, ಅದರಿಂದ ನನಗೆ ಗುಣವಾಯಿತು. ನನಗೆ ಮೊದಲಿನಿಂದಲೂ ಅಷ್ಟೇ ಬೇಕಿತ್ತೇನೋ. ಬಾಯಾರಿಕೆ ಹೋಯಿತು, ಕೆನ್ನೆಗೆ ಬಣ್ಣ ಬಂತು, ತರಗತಿಯಲ್ಲಿ ನಿದ್ದೆ ಮಾಡುವುದು ನಿಂತಿತು. ಅಮ್ಮ ಮೀಟರಿಗೆ ಕುಂಕುಮ ಇಟ್ಟಳು. ಅಂಕಿ ಕಾಣುವ ಜಾಗದ ಮೇಲೇ ಇಟ್ಟಳು. ಅದನ್ನು ಒರೆಸಲು ನನಗೆ ಅರ್ಧ ಗಂಟೆ ಹಿಡಿಯಿತು.

ಆ ಯುಗಾದಿ ಕಳೆದು ಎಂಟೋ ಹತ್ತೋ ದಿನ. ಬೆಳಗ್ಗೆ ಅತ್ತೆ ಕಾಫಿ ಕೂಡ ಕುಡಿದಿರಲಿಲ್ಲ. ಬೆರಳು ಚಾಚಿದಳು. ನೂರ ಐವತ್ತೆರಡು.

ಬರೀ ಹೊಟ್ಟೆಯಲ್ಲಿ ನೂರ ಇಪ್ಪತ್ತಾರು ದಾಟಿದರೆ, ಅದೂ ದಿನಾ ದಾಟುತ್ತಿದ್ದರೆ, ಏನೆಂದು ಬೈರಕೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆರು ವರ್ಷದಿಂದ ಡಾಕ್ಟರು ನನಗೆ ಪಾಠ ಮಾಡಿದ್ದು ಅದನ್ನೇ. ಮೀಟರ್ ಕೈಯಲ್ಲಿ ಹಿಡಿದು ಕೂತೆ. ಹೇಳಿದರೆ — ‘ನಿಮ್ಮತ್ತೆಗೆ ಇದೆ ಅಂತ ನಿನಗೆ ಹೇಗೆ ಗೊತ್ತು?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಲಿಂದ ಗೋಡೆಯ ಮೇಲಿನ ಗೆರೆಗೆ ಎರಡು ಹೆಜ್ಜೆ. ಅಲ್ಲಿಂದ ಟೊಮೆಟೊ ತೋಟಕ್ಕೆ ಇನ್ನೊಂದು. ಎರಡನೇ ಪಿಯುಸಿ ಮುಗಿಯಲು ಇನ್ನೂ ಒಂದು ವರ್ಷ ಇತ್ತು. ಮುಗಿಸಿ ಹೇಳೋಣ ಎಂದು... ಇಲ್ಲ, ಹಾಗೆ ಅಂದುಕೊಂಡೆನೋ ಇಲ್ಲವೋ, ಈಗ ಸೇರಿಸಿಕೊಳ್ಳುತ್ತಿದ್ದೇನೋ, ಖಚಿತವಿಲ್ಲ. ಬಾಯಿಂದ ಬಂದ ಮಾತು ಮಾತ್ರ ಖಚಿತವಾಗಿ ನೆನಪಿದೆ.

“ಎಷ್ಟು ಬಂತೇ?”

“ಚೆನ್ನಾಗೇ ಬಂದಿದೆ ಅತ್ತೆ. ನಾಳೆಯಿಂದ ನಿಂದು ಬೇಡ. ನಾನು ನಂದೇ ಹಾಕ್ಕೋತೀನಿ.”

ಅತ್ತೆಯ ಮುಖ ಚಿಕ್ಕದಾಯಿತು. “ಯಾಕೇ, ನಾನು ಫೇಲಾದ್ನಾ?”

“ಇಲ್ಲ ಅತ್ತೆ. ಪಾಸಾದೆ, ಅದಕ್ಕೇ ಸಾಕು.”

ಅಷ್ಟೇ. ಅವಳು ಸೆರಗಿಗೆ ಬೆರಳು ಒರೆಸಿಕೊಂಡು, ಮೂರು ಚಮಚ ಸಕ್ಕರೆ ಹಾಕಿ ಕಾಫಿ ಮಾಡಿಕೊಂಡಳು. ಪರೀಕ್ಷೆ ಮುಗಿಯಿತಲ್ಲ.

ಹೊಸ ಡೋಸಿನಲ್ಲಿ ನನ್ನ ಸ್ವಂತ ಅಂಕಿಗಳೂ ತಕ್ಕಮಟ್ಟಿಗೆ ಇದ್ದವು. ಗೆರೆ ಸ್ವಲ್ಪ ನಡುಗಿತು, ಡೊಂಕಾಗಲಿಲ್ಲ. ಅಪ್ಪ ಮಾತಿಗೆ ತಪ್ಪುವವರಲ್ಲ. ಎರಡು ಸಾವಿರದ ನಾಲ್ಕರಲ್ಲಿ ನಾನು ಕೋಲಾರದ ಹಾಸ್ಟೆಲಿಗೆ ಹೋದೆ. ಹೋಗುವಾಗ ಅಪ್ಪ ನನಗೊಂದು, ಮನೆಗೊಂದು ಮೊಬೈಲ್ ಕೊಡಿಸಿದರು. ಮನೆಯದ್ದು ಅತ್ತೆಯ ಸೊಂಟದಲ್ಲೇ ಇರುತ್ತಿತ್ತು. ಬೆಳಗ್ಗೆ ಏಳಕ್ಕೆ, ರಾತ್ರಿ ಊಟಕ್ಕೆ ಮೊದಲು, ಅವಳದೊಂದು ಮಿಸ್ಡ್ ಕಾಲ್ ಬರುತ್ತಿತ್ತು — ಒಂದೇ ರಿಂಗು. ‘ಸೂಜಿ ಹಾಕ್ಕೋ’ ಎಂದು ಅದರ ಅರ್ಥ. ಹಾಕಿಕೊಂಡ ಮೇಲೆ ನಾನು ಒಂದು ರಿಂಗು ವಾಪಸು ಕೊಡಬೇಕು. ಕೊಡದಿದ್ದರೆ ಕಾಲು ಗಂಟೆಗೆ ಎರಡು ರಿಂಗು. ಅದಕ್ಕೂ ಇಲ್ಲವೆಂದರೆ ವಾರ್ಡನ್ ಫೋನಿಗೆ ಮಾಡಿ, “ಮೇಡಮ್ಮಾ, ನಮ್ಮ ಹುಡುಗಿ ಬದುಕಿದಾಳಾ ಒಂಚೂರು ನೋಡ್ತೀರಾ,” ಎನ್ನುತ್ತಿದ್ದಳು. ವಾರ್ಡನ್ ಮೊದಮೊದಲು ಹೆದರಿ ಓಡಿ ಬರುತ್ತಿದ್ದರು. ಆಮೇಲಾಮೇಲೆ ಅವರೇ ಏಳಕ್ಕೆ ಬಾಗಿಲು ಬಡಿಯತೊಡಗಿದರು. ನನ್ನ ರೂಮಿನ ಹುಡುಗಿಯರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದದ್ದು ಅತ್ತೆಯ ರಿಂಗಿಗೆ.

ಮೂರು ವರ್ಷ ಆ ರಿಂಗು ತಪ್ಪಲಿಲ್ಲ. ತನ್ನ ಒಳಗೆ ಏನಿದೆ ಎಂದು ತಿಳಿಯದವಳು ದಿನಕ್ಕೆರಡು ಸಲ ನನ್ನ ಕಾಯಿಲೆಯನ್ನು ಎಬ್ಬಿಸಿ ಊಟಕ್ಕೆ ಕೂರಿಸುತ್ತಿದ್ದಳು. ನಾನು ಒಂದು ರಿಂಗು ವಾಪಸು ಕೊಟ್ಟು ಸುಮ್ಮನಾಗುತ್ತಿದ್ದೆ. ಕಾಲ್ ಬಟನ್ ಒತ್ತಿ ಅವಳು ಎತ್ತುವವರೆಗೆ ಕಾದಿದ್ದರೆ, ಒಂದು ನಿಮಿಷದ ಮಾತು — ‘ಅತ್ತೆ, ನೀನೊಂದು ಸಲ ಪರೀಕ್ಷೆ ಮಾಡಿಸು.’ ಹೇಗೆ ಗೊತ್ತು ಎಂದು ಅವಳು ಕೇಳುತ್ತಲೂ ಇರಲಿಲ್ಲ. ಅದೂ ನನಗೆ ಗೊತ್ತಿತ್ತು.

ಎರಡು ಸಾವಿರದ ಏಳರಲ್ಲಿ ಟೊಮೆಟೊ ಕ್ರೇಟಿನ ಮೊಳೆ ಅತ್ತೆಯ ಕಾಲಿಗೆ ಚುಚ್ಚಿತು. ಎರಡು ತಿಂಗಳಾದರೂ ಮಾಯಲಿಲ್ಲ. ಅಷ್ಟರಲ್ಲಿ ನಾನು ಮುಳಬಾಗಿಲಿನ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ಅಪ್ಪ ಅವಳನ್ನು ಅಲ್ಲಿಗೇ ಕರೆತಂದರು. ನಾನೇ ಚುಚ್ಚಿದೆ. ಮುನ್ನೂರ ನಲವತ್ತು. ಚೀಟಿಯಲ್ಲಿ ಅವಳ ಸ್ವಂತ ಹೆಸರಿನ ಮುಂದೆ ಬರೆದ ಮೊದಲ ಅಂಕಿ ಅದು.

ದೊಡ್ಡಾಸ್ಪತ್ರೆಯಲ್ಲಿ ಕಾಲಿನ ಒಂದು ಬೆರಳು ತೆಗೆದರು, ಆಮೇಲೆ ಪಾದ. ಅಷ್ಟರಲ್ಲೇ ಮೂತ್ರಪಿಂಡ ಕೈಕೊಟ್ಟಿತ್ತು. ಇಷ್ಟು ಹಾಳಾಗಬೇಕಾದರೆ ಬಹಳ ವರ್ಷದಿಂದ ಇರಬೇಕು ಎಂದರು ಅಲ್ಲಿನ ಡಾಕ್ಟರು. ನಾನು ಫೈಲು ಹಿಡಿದುಕೊಂಡು ನಿಂತಿದ್ದೆ.

ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನಾವಿಬ್ಬರೇ ಇದ್ದೆವು. ಅತ್ತೆ ನನ್ನ ಕೈ ಎಳೆದು ಹತ್ತಿರ ಕೂರಿಸಿಕೊಂಡಳು.

“ಒಂದು ಮಾತು. ಯಾರಿಗೂ ಹೇಳಬೇಡ, ನಿಮ್ಮಪ್ಪನಿಗಂತೂ ಬೇಡವೇ ಬೇಡ.”

“ಏನತ್ತೆ?”

“ಇದು ನಂಗೆ ನಿನ್ನಿಂದ ಅಂಟ್ಕೊಂಡಿದ್ದು. ಒಂದೇ ಸೂಜಿ ಅಲ್ವಾ ನಮ್ಮಿಬ್ಬರಿಗೂ, ಆವಾಗ.”

ನಾನು ಬಾಯಿ ತೆರೆದೆ. ಹಾಗೆ ಅಂಟುವುದಿಲ್ಲ ಎಂದು ಹೇಳಲು ಒಂದು ವಾಕ್ಯ ಸಾಕು, ದಿನಾ ಯಾರಿಗಾದರೂ ಹೇಳುತ್ತಿದ್ದ ವಾಕ್ಯವೇ. ಆದರೆ ಅದನ್ನು ಹೇಳಿದರೆ, ಮತ್ತೆ ಯಾವಾಗ ಬಂತು, ಹೇಗೆ ಬಂತು... ಅಲ್ಲಿಂದ ನೂರ ಐವತ್ತೆರಡಕ್ಕೆ ದೂರವಿರಲಿಲ್ಲ.

“ಅಳಬೇಡವೇ, ಪೋನೀಲೇ,” ಎಂದಳು. ಹೋಗಲಿ ಬಿಡು ಎನ್ನುವುದನ್ನು ಅವಳು ಯಾವಾಗಲೂ ತೆಲುಗಿನಲ್ಲೇ ಹೇಳುತ್ತಿದ್ದಳು. “ಬೇರೆಯೋರದ್ದು ಬಂದಿದ್ರೆ ಬೇಜಾರು. ನಿಂದೇ ತಾನೇ.” ಆಮೇಲೆ, “ಏನೇ ಆಗ್ಲಿ, ಮಾರ್ಕು ತೆಗೆದಿದ್ದು ನಾನು, ಓದೋಕೆ ಹೋಗಿದ್ದು ನೀನು,” ಎಂದು ನಕ್ಕಳು. ಪಕ್ಕದ ಹಾಸಿಗೆಯವರು ಏನು ಎಂದು ತಿರುಗಿ ನೋಡಿದರು.

ನಾನು ಮಾಡದ ತಪ್ಪನ್ನು ಅತ್ತೆ ಹೀಗೆ ಕ್ಷಮಿಸಿದಳು. ಮಾಡಿದ್ದನ್ನು ಅವಳಿಗೆ ಹೇಳಲೇ ಇಲ್ಲ. ಅದಾದ ಮೇಲೆ ಎರಡು ವರ್ಷ ಇದ್ದಳು. ಎರಡು ವರ್ಷವೂ ಹೇಳಲಿಲ್ಲ. ತಾನು ಕಾಯಿಲೆ ಅಂಟಿಸಿಕೊಂಡೆ, ಆದರೆ ಹುಡುಗಿಗೆ ಅದರ ನೋವು ತಟ್ಟಬಾರದು ಎಂದು ಅವಳು ಜಾಗ್ರತೆ ಮಾಡುತ್ತಿದ್ದಳು. ಆ ಜಾಗ್ರತೆಯನ್ನು ನಾನು ಮಾಡಿಸಿಕೊಂಡೆ.

ತಿಥಿಯ ದಿನ ಊಟಕ್ಕೆ ಕೂತವರ ಮುಂದೆ ಅಪ್ಪ ಹೇಳುತ್ತಿದ್ದರು — ಮೊಳೆ ಚುಚ್ಚುವ ಹಿಂದಿನ ದಿನದವರೆಗೂ ಅಕ್ಕನಿಗೆ ಏನೂ ಇರಲಿಲ್ಲ, ಇದ್ದಕ್ಕಿದ್ದ ಹಾಗೆ ಬಂತು ಎಂದು. ಅದೊಂದು ಅವರ ಬಾಯಿಪಾಠವಾಗಿಬಿಟ್ಟಿತು. ಹೋದ ತಿಂಗಳು, ಅಪ್ಪನಿಗೆ ರಾತ್ರಿ ಮೂರು ನಾಲ್ಕು ಸಲ ಎದ್ದು ಹೊರಗೆ ಹೋಗಬೇಕಾಗುತ್ತಿದೆ ಎಂದು ಅಮ್ಮ ಹೇಳಿದಳು. ಅಕ್ಕನಿಗಿದ್ದದ್ದು ತಮ್ಮನಿಗೂ ಬರಬಹುದು. ಲ್ಯಾಬಿಗೆ ಬಾ ಎಂದು ಕರೆದೆ. ಒಂದು ಸಲವಲ್ಲ, ಹತ್ತು ಸಲ.

“ನಂಗೇನಾಗಿದೆ? ಕಲ್ಲಿದ್ದ ಹಾಗಿದೀನಿ. ನಮ್ಮಕ್ಕನೂ ಹಂಗೇ ಇದ್ದಳು. ಬರೋ ದಿನ ಬಂತು. ಮೊದಲೇ ನೋಡಿಸಿದ್ರೆ ಏನಾಗ್ತಿತ್ತು? ಮೊದಲು ಇರಲೇ ಇಲ್ವಲ್ಲ.”

ಇದಕ್ಕೆ ಒಂದೇ ಉತ್ತರವಿತ್ತು. ಅದು ನನ್ನ ಹತ್ತಿರ ಮಾತ್ರ ಇತ್ತು.

“ಇತ್ತು ಅಪ್ಪ,” ಎಂದೆ. “ನಾಲ್ಕು ವರ್ಷ ಮೊದಲೇ ಇತ್ತು. ನಂಗೆ ಗೊತ್ತಿತ್ತು.”

ಜಗಲಿಯ ಮೇಲೆ ಕೂತು ಎಲ್ಲ ಹೇಳಿದೆ. ಮಾವಿನಹಣ್ಣು, ಕಿರುಬೆರಳು, ಗೋಡೆಯ ಮೇಲಿನ ಗೆರೆ, ಯುಗಾದಿಯ ಬೆಳಗು. ಆಸ್ಪತ್ರೆಯ ಮಧ್ಯಾಹ್ನವನ್ನೂ ಹೇಳಿದೆ. ಕಡೆಯಲ್ಲಿ ಅಪ್ಪ ಒಂದೇ ಕೇಳಿದರು. “ನಮ್ಮಕ್ಕನಿಗೆ ಹೇಳಿದ್ಯಾ?”

“ಇಲ್ಲ.”

ಎದ್ದು ಒಳಗೆ ಹೋದರು. ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ಏನಾದರೂ ಬೇಕಿದ್ದರೆ ಅಮ್ಮನಿಗೆ ಹೇಳುತ್ತಿದ್ದರು, ನಾನು ಎದುರಿಗೇ ನಿಂತಿದ್ದರೂ. ಏನು ನಡೆದಿದೆ ಎಂದು ಅಮ್ಮನಿಗೆ ಗೊತ್ತಿಲ್ಲ. ಅವಳು ಅಪ್ಪನ ಮಾತನ್ನು ನನಗೆ, ನನ್ನದನ್ನು ಅಪ್ಪನಿಗೆ, ಮೂರಡಿ ದೂರದಲ್ಲಿ ಸಾಗಿಸಿ ಸುಸ್ತಾಗಿದ್ದಳು.

ಒಂಬತ್ತನೇ ದಿನ ಬೆಳಗ್ಗೆ, ಲ್ಯಾಬಿನಲ್ಲಿ ಟೋಕನ್ ಕರೆಯುತ್ತಿದ್ದೆ. ಏಳನೇ ನಂಬರಿಗೆ ಅಪ್ಪ ಎದ್ದು ಬಂದರು. ಬರೀ ಹೊಟ್ಟೆಯಲ್ಲಿ ಬಂದಿದ್ದರು, ಶೇವ್ ಮಾಡಿಕೊಂಡು ಇಸ್ತ್ರಿ ಅಂಗಿ ಹಾಕಿದ್ದರು. ನನ್ನ ಮುಖ ನೋಡದೆ ಕುರ್ಚಿಯಲ್ಲಿ ಕೂತು ಕೈ ಮುಂದಿಟ್ಟರು. ಹೆಸರು ಕೇಳಿದೆ, ಎಲ್ಲರಿಗೂ ಕೇಳುವ ಹಾಗೆ. ಪೂರ್ತಿ ಹೆಸರು, ತಂದೆಯ ಹೆಸರು, ಊರು ಹೇಳಿದರು.

ನೂರ ನಲವತ್ತನಾಲ್ಕು ಬಂತು. ಚೀಟಿಯಲ್ಲಿ ಬರೆದು ಕೊಟ್ಟೆ. ಅವರು ಅದನ್ನು ದೂರ ಹಿಡಿದು, ಬಹಳ ಹೊತ್ತು ಓದಿದರು. ಹಿಂದೆ ಎಂಟನೇ ನಂಬರಿನವರು ಎದ್ದು ನಿಂತಿದ್ದರು.

“ಇದು ನಂದೇ ತಾನೇ?” ಎಂದರು.

“ನಿಂದೇ ಅಪ್ಪ,” ಎಂದೆ.